ಬೊಗಸೆಯಲ್ಲಿ ಬಾಚಣಿಗೆ

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಹಳೇ ಟಯರ್‌ಗಳ ರಾಶಿಗೂ ನೀರಿನ ಟ್ಯಾಂಕಿಗೂ ನಡುವೆ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದಿತ್ತು. ಆ ಕೋಣೆಯ ಯಜಮಾನಿಕೆ ಇಪ್ಪತ್ತಾರು ವರ್ಷಗಳಿಂದ ಒಬ್ಬರ ಕೈಯಲ್ಲೇ ಇತ್ತು. ಹಾಜರಿ ಪುಸ್ತಕದ ಪ್ರಕಾರ ಅವರು ಹಿರಿಯ ಗುಮಾಸ್ತರು. ಡ್ರೈವರು, ಕಂಡಕ್ಟರುಗಳ ಬಾಯಲ್ಲಿ ನಿಘಂಟಯ್ಯ. ಅವರ ಸ್ವಂತ ಲೆಕ್ಕವೇ ಬೇರೆ. ಒಬ್ಬನೇ ಕೂತು ಇಡೀ ಭಾಷೆಯೊಂದನ್ನು ಕಟ್ಟಿದವರು ಜಗತ್ತಿನಲ್ಲಿ ಎಷ್ಟು ಮಂದಿ ಎಂದು ಬೆರಳು ಮಡಿಸಿ ಎಣಿಸುವಾಗ ಅವರು ಹೆಬ್ಬೆರಳನ್ನು ಮೊದಲೇ ತಮಗಾಗಿ ತೆಗೆದಿಡುತ್ತಿದ್ದರು.

ಭಾಷೆ ಹುಟ್ಟಿದ್ದು ಆ ಕೋಣೆಯ ಕಿಟಕಿಯಲ್ಲಿ. ಸಾಮಾನು ಕಳೆದುಕೊಂಡು ಬಂದವರಲ್ಲಿ ಮೊದಲು ಮಾತಾಡುವುದು ಬಾಯಲ್ಲ, ಕೈ ಎಂಬುದನ್ನು ನಿಘಂಟಯ್ಯ ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಕಂಡುಕೊಂಡಿದ್ದರು. “ಒಂದು ಬ್ಯಾಗು ಸಾರ್…” ಎನ್ನುವಷ್ಟರಲ್ಲಿ ನಾಲ್ಕು ಬೆರಳು ಕೊಕ್ಕೆಯಾಗಿ ಗಾಳಿಯಲ್ಲಿ ತೂಗುತ್ತಿದ್ದವು. ಉಂಗುರ ಹೋದವರು ಚಿಟಿಕೆ ಹಿಡಿಯುತ್ತಿದ್ದರು. ಹಲ್ಲಿನ ಸೆಟ್ಟು ಕಳೆದುಕೊಂಡ ಹಿರಿಯರೊಬ್ಬರು ಬಾಯಿ ತೆರೆಯಲು ನಾಚಿ ಬೊಗಸೆಯೊಡ್ಡಿ ನಿಂತಿದ್ದರು; ಭಿಕ್ಷೆಗೆ ಬಂದಿದ್ದಾರೆಂದು ಜವಾನ ಅವರನ್ನು ಗೇಟಿನ ತನಕ ಬಿಟ್ಟು ಬಂದಿದ್ದ.

ಆಮೇಲೆ ಒಂದು ಪುಸ್ತಕ ಸಿಕ್ಕಿತು. ಮುಖಪುಟ ಹರಿದುಹೋದ ದಪ್ಪ ಪುಸ್ತಕ, ಯಾರೋ ಸೀಟಿನ ಕೆಳಗೆ ಬಿಟ್ಟು ಇಳಿದಿದ್ದರು. ಆರು ತಿಂಗಳಾದರೂ ಕೇಳಿಕೊಂಡು ಯಾರೂ ಬರಲಿಲ್ಲ; ಓದಿದ ಮೇಲೆ ಯಾಕೆ ಬರಲಿಲ್ಲ ಎಂಬುದು ನಿಘಂಟಯ್ಯನವರಿಗೆ ತಿಳಿಯಿತು. ಆದರೂ ಪಟ್ಟು ಬಿಡದೆ ಮೂರು ಸಲ ಓದಿದರು. ಪದದ ಅರ್ಥ ಪುಸ್ತಕದಲ್ಲಿಲ್ಲ, ಮೈಯಲ್ಲಿದೆ ಎಂದು ಅದರಲ್ಲಿ ಬರೆದಿತ್ತು. ರಾಶಿ ಹಾಕಿದರೆ ಎತ್ತರವಾಗುವುದನ್ನು ಕಂಡ ಕಣ್ಣಿನಿಂದಲೇ ‘ಬೆಲೆ ಏರಿತು’ ಎನ್ನುತ್ತೇವಂತೆ. ಪ್ರತಿ ಪದವೂ ಒಂದು ಊರಂತೆ. ನಡುವೆ ಪೇಟೆ, ಸುತ್ತ ಹೊರವಲಯ, ಅಂಚಿನಲ್ಲಿ ಇದು ಈ ಊರೋ ಆ ಊರೋ ಗೊತ್ತಾಗದ ಬಯಲು. ಹಕ್ಕಿ ಎಂದೊಡನೆ ಗುಬ್ಬಿ ಕಣ್ಣಿಗೆ ಬರುತ್ತದೆ, ಕೋಳಿ ಬರುವುದಿಲ್ಲ; ಕೋಳಿ ಹಕ್ಕಿಯ ಊರಿನ ಅಂಚಿನಲ್ಲಿ ಬಾಡಿಗೆಗಿದೆ.

ಇದನ್ನು ಶಾಲೆಯಲ್ಲಿ ಗಣಿತ ಕಲಿಸುವ ಹೆಂಡತಿಗೆ ವಿವರಿಸಿದಾಗ ಆಕೆ ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, “ಸರಿಯಾಗೇ ಬರ್ದಿದ್ದಾರೆ. ಗಂಡ ಅಂದ ತಕ್ಷಣ ನಂಗೂ ನೀವು ಕಣ್ಣಿಗೆ ಬರಲ್ಲ. ಅಂಚಲ್ಲೆಲ್ಲೋ ಇರ್ತೀರಿ” ಎಂದಳು.

ನಿಘಂಟಯ್ಯ ತಾಯ್ನುಡಿಯನ್ನು ಹೊಸ ಕಣ್ಣಿನಿಂದ ನೋಡತೊಡಗಿದರು. ಬೆಂಕಿಯಿಲ್ಲದೆ ಹೊಟ್ಟೆ ಉರಿಯುತ್ತದೆ. ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಸಮಯ ಸಿಕ್ಕರೆ ಎದುರಿಗಿದ್ದವರ ತಲೆಯನ್ನೂ ತಿನ್ನುತ್ತೇವೆ. ಊರಿಗೆ ಊರೇ ಹೊಟ್ಟೆಯಿಂದ ಯೋಚಿಸುತ್ತಿದೆ, ಕೈಯಿಂದ ಯೋಚಿಸುವ ಭಾಷೆಯನ್ನು ನಾನು ಕಟ್ಟುತ್ತೇನೆ ಎಂದು ಸಂಕಲ್ಪ ಮಾಡಿದರು. ಅದಕ್ಕೆ ಹಿಡಿಮಾತು ಎಂದು ಹೆಸರಿಟ್ಟರು.

ಹಿಡಿಮಾತಿನಲ್ಲಿ ಲೋಕದ ಸಮಸ್ತ ವಸ್ತುಗಳಿಗೂ ಐದೇ ಗುಂಪು: ಬೊಗಸೆಯಲ್ಲಿ ತುಂಬಿಕೊಳ್ಳುವುದು, ಮುಷ್ಟಿಯಲ್ಲಿ ಬಿಗಿಯುವುದು, ಚಿಟಿಕೆಯಲ್ಲಿ ಎತ್ತುವುದು, ಕೊಕ್ಕೆಬೆರಳಿಗೆ ತೂಗುಹಾಕುವುದು, ಅಂಗೈ ಮೇಲೆ ಇಟ್ಟುಕೊಂಡು ಹೋಗುವುದು. ಒಂದೊಂದು ಗುಂಪಿಗೆ ಒಂದೊಂದು ದನಿ, ಪದ ಆ ದನಿಯಿಂದಲೇ ಶುರು. ನೀರು ಬೊಗಸೆಗೆ, ಉಪ್ಪು ಚಿಟಿಕೆಗೆ ಸೇರುವುದು ಮಗುವಿಗೂ ಗೊತ್ತಾಗುತ್ತದೆ. ನಿಘಂಟಯ್ಯನವರ ಹೆಮ್ಮೆ ಇದ್ದದ್ದು ಕಾಣದ ವಸ್ತುಗಳಲ್ಲಿ. ಕೋಪ ಮುಷ್ಟಿ. ಸಂಶಯ ಚಿಟಿಕೆ. ಸುದ್ದಿ ಅಂಗೈ, ಅಲುಗಾಡಿದರೆ ಚೆಲ್ಲುತ್ತದೆ. ಮಾಡಿದ ತಪ್ಪಿಗೆ ‘ಡಂವೆ’ ಎಂಬ ಕೊಕ್ಕೆಯ ಪದ. ತಾಯ್ನುಡಿಯಲ್ಲಿ ತಪ್ಪನ್ನು ತಲೆ ಮೇಲೆ ಹೊರುತ್ತಾರೆ, ಹೊತ್ತದ್ದನ್ನು ಎಲ್ಲಾದರೂ ಇಳಿಸಲೂಬಹುದು. ಡಂವೆ ಒಂದೇ ಬೆರಳಿಗೆ ತೂಗುವ ಚೀಲ. ಭಾರ ಕಡಿಮೆ, ಆದರೆ ಬೆರಳು ಮರಗಟ್ಟಿದರೂ ಕೆಳಗಿಡಲು ಜಾಗ ಸಿಗುವುದಿಲ್ಲ.

ಕೋಣೆಯ ಕಪಾಟುಗಳೂ ಈ ವ್ಯಾಕರಣಕ್ಕೆ ತಲೆಬಾಗಿದವು. ಮಡಚಿದ ಕೊಡೆ ಕೊಕ್ಕೆಯ ಸಾಲಿಗೆ, ಬಿಚ್ಚಿಕೊಂಡ ಕೊಡೆ ಮುಷ್ಟಿಯ ಸಾಲಿಗೆ ಹೋಯಿತು. ತಪಾಸಣೆಗೆ ಬಂದ ಅಧಿಕಾರಿ, “ಕೊಡೆಗಳೆಲ್ಲ ಒಂದೇ ಕಡೆ ಇದ್ರೆ ಒಳ್ಳೇದಲ್ವೇನ್ರೀ?” ಎಂದು ಕೇಳಿದರು. “ಅದು ನಿಮ್ಮ ಕಣ್ಣಿಗೆ ಕೊಡೆ ಸಾರ್, ನಿಮ್ಮ ಕೈಗೆ ಅಲ್ಲ” ಎಂದರು ನಿಘಂಟಯ್ಯ. ಆ ವರ್ಷ ಬಡ್ತಿ ಬರಲಿಲ್ಲ.

ಭಾಷೆಯೇನೋ ಆಯಿತು, ಆಡಲು ಇನ್ನೊಬ್ಬರು ಬೇಕಲ್ಲ. ಹೆಂಡತಿ ಕೈ ಮುಗಿದಳು. “ಇರೋ ಒಂದು ಭಾಷೇಲೇ ನೀವು ನನ್ನ ಮಾತು ಕೇಳಲ್ಲ. ಎರಡನೇದ್ರಲ್ಲಿ ಕೇಳ್ತೀರಾ?”

ಆಗ ಬಂದವನು ಹೌದಪ್ಪ. ಬೆನ್ನು ಹಿಡಿದುಕೊಂಡಿತೆಂದು ವರ್ಕ್‌ಶಾಪಿನಿಂದ ಈ ಕೋಣೆಗೆ ಎತ್ತಂಗಡಿಯಾದವನು. ನಲವತ್ತು ದಾಟಿದ, ಪೊದೆಮೀಸೆಯ ಆಸಾಮಿ. ಯಾರು ಏನು ಹೇಳಿದರೂ “ಹೌದು ಸಾರ್” ಎನ್ನುತ್ತಿದ್ದುದರಿಂದ ಡಿಪೋದವರು ಇಟ್ಟ ಹೆಸರು ಅದು. ಮೊದಲ ವಾರವೇ ನಿಘಂಟಯ್ಯ ಹಿಡಿಮಾತಿನಲ್ಲಿ ಏನೋ ಕೇಳಿದರು. ಹೌದಪ್ಪ ಒಂದು ಗಳಿಗೆ ನೋಡಿ, ನೆಟ್ಟಗೆ ಕೊಕ್ಕೆಯ ಸಾಲಿಗೆ ಹೋಗಿ ಬೇಕಾದ ಚೀಲವನ್ನೇ ತಂದಿಟ್ಟ. ನಿಘಂಟಯ್ಯನವರಿಗೆ ಸ್ವರ್ಗ ಮೂರೇ ಗೇಣು. ಒಂದು ವರ್ಷದಲ್ಲಿ ಹೌದಪ್ಪ ಯಾವ ಪದಕ್ಕೆ ಯಾವ ಗುಂಪೆಂದು ತಡವರಿಸದೆ ಹೇಳುವಂತಾದ. ಮಧ್ಯಾಹ್ನ ಎರಡರಿಂದ ಮೂರು ಕಿಟಕಿಗೆ ಯಾರೂ ಬಾರದ ಹೊತ್ತು. ಆಗ ಇಬ್ಬರೂ ಎದುರುಬದುರು ಕೂರುತ್ತಿದ್ದರು. ನಿಘಂಟಯ್ಯ ಹಿಡಿಮಾತಿನಲ್ಲಿ ಲೋಕಾಭಿರಾಮ ಹರಿಸುತ್ತಿದ್ದರು, ಹೌದಪ್ಪ ಕೊನೆಯ ಪದವನ್ನು ತಿರುಗಿ ಹೇಳಿ ತಲೆಯಾಡಿಸುತ್ತಿದ್ದ. ಮಾತಿನ ಓಘ ಕಡಿಯಬಾರದೆಂದು ಭಾರದ ಪೆಟ್ಟಿಗೆಗಳನ್ನು ನಿಘಂಟಯ್ಯನವರೇ ಎತ್ತಿಡುತ್ತಿದ್ದರು. ಹೀಗೆ ಹನ್ನೊಂದು ವರ್ಷ.

ಆ ವರ್ಷಗಳ ನಡುವೆ ಒಂದು ಮಧ್ಯಾಹ್ನ ನಿಘಂಟಯ್ಯ ತಮ್ಮ ಅಣ್ಣನ ವಿಷಯ ಹೇಳಿದ್ದರು. ನೆಂಟರಿಷ್ಟರು ಸೇರಿದ್ದಾಗ ಅಣ್ಣ, “ನಮ್ಮವನೊಂದು ಭಾಷೆ ಮಾಡಿದ್ದಾನೆ, ಪಾಪ, ಗೋಡೆಗೆ ತುಂಬಾ ಚೆನ್ನಾಗಿ ಅರ್ಥ ಆಗುತ್ತೆ” ಎಂದು ನಗೆಯಾಡಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದಾಗಿ ನಾಲ್ಕು ತಿಂಗಳಿಗೆ ಅಣ್ಣ ಆಸ್ಪತ್ರೆ ಸೇರಿದ. ಮೂರು ಸಲ ಹೇಳಿಕಳಿಸಿದ. ಇನ್ನೂ ಸ್ವಲ್ಪ ಕಾಯಲಿ ಎಂದು ನಿಘಂಟಯ್ಯ ಕೂತರು. ನಾಲ್ಕನೇ ದಿನ ಹೋದಾಗ ಹಾಸಿಗೆಗೆ ಹೊಸ ಬಟ್ಟೆ ಹಾಸಿ ಆಗಿತ್ತು. ರಜೆ ಸಿಗಲಿಲ್ಲ ಎಂದು ಮನೆಮಂದಿಗೆಲ್ಲ ಹೇಳಿದರು, ಹೆಂಡತಿಗೂ. ನಿಜವನ್ನು ಹೇಳಿದ್ದು ಹೌದಪ್ಪನೊಬ್ಬನಿಗೆ, ಹಿಡಿಮಾತಿನಲ್ಲಿ. ತಾಯ್ನುಡಿಯಲ್ಲಿ ಹೇಳಿದ್ದರೆ ‘ಮನಸ್ಸಿಗೆ ಹಚ್ಕೋಬೇಡಿ’ ಎಂಬ ಸಿದ್ಧ ಉತ್ತರ ಬರುತ್ತಿತ್ತು. ಹೌದಪ್ಪ ಹಾಗೇನೂ ಅನ್ನಲಿಲ್ಲ. “ಡಂವೆ” ಎಂದು, ತನ್ನ ತೋರುಬೆರಳನ್ನೂ ಕೊಕ್ಕೆ ಮಾಡಿ ಮುಂದೆ ಹಿಡಿದ. ನಿಘಂಟಯ್ಯನವರ ಕಣ್ಣು ತುಂಬಿತು. ಈ ಭೂಮಿಯ ಮೇಲೆ ನನ್ನನ್ನು ಪೂರ್ತಿ ಬಲ್ಲವನು ಒಬ್ಬನಿದ್ದಾನೆ ಎಂಬ ಧೈರ್ಯದಲ್ಲಿ ಅಂದಿನಿಂದ ಅವರಿಗೆ ನಿದ್ದೆ ಬರತೊಡಗಿತು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರು ಬಸ್ಸಿನಲ್ಲಿ ಚೀಲ ಮರೆತದ್ದರಿಂದ. ಕಿಟಕಿಯಲ್ಲಿ ಅವರು ಬೆರಳು ಮಡಿಸಿ ತೋರಿಸಿದರು, ನಿಘಂಟಯ್ಯ ಒಳಗೆ ತಿರುಗಿ ಏನೋ ಅಂದರು, ಹೌದಪ್ಪ ಚೀಲ ತಂದ. ಅಧ್ಯಾಪಕಿ ಚೀಲ ಮುಟ್ಟಲೂ ಇಲ್ಲ.

“ಈಗ ಅಂದ್ರಲ್ಲ, ಅದು ಯಾವ ಭಾಷೆ?”

ಈ ಪ್ರಶ್ನೆಗಾಗಿ ನಿಘಂಟಯ್ಯ ಎರಡು ದಶಕ ಕಾದಿದ್ದರು. ಉತ್ತರ ಒಂದೂವರೆ ಗಂಟೆ ಹಿಡಿಯಿತು. ಹಿಂದೆ ನಿಂತ ಸಾಲಿನಲ್ಲಿ ಇಬ್ಬರು ತಾವು ಏನು ಕಳೆದುಕೊಂಡಿದ್ದೇವೆಂಬುದನ್ನೇ ಮರೆತು ಮನೆಗೆ ಹೋದರು.

ಜನ ತಾವೇ ಕಟ್ಟಿದ ಭಾಷೆಗಳ ಬಗ್ಗೆ ಅಧ್ಯಾಪಕಿ ಕಾಲೇಜಿನ ಪತ್ರಿಕೆಗೆ ಲೇಖನ ಬರೆಯುತ್ತಿದ್ದರು. “ಒಬ್ಬರೇ ಆಡಿದ್ರೆ ಅದು ಡೈರಿ ಸಾರ್, ಭಾಷೆ ಅಲ್ಲ. ಇನ್ನೊಂದು ತಲೇಲಿ ಅದು ಬೇರು ಬಿಟ್ಟಿದ್ಯಾ ನೋಡ್ಬೇಕು” ಎಂದರು. ಮುಂದಿನ ಶನಿವಾರ ಕಾಲೇಜಿನಲ್ಲಿ ಪರೀಕ್ಷೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ, ನಲವತ್ತು ವಸ್ತುಗಳನ್ನು ಐದು ತಟ್ಟೆಗಳಿಗೆ ಹಂಚಬೇಕು. ಒಂದೊಂದಕ್ಕೂ ‘ಖಂಡಿತ’ ಅಥವಾ ‘ಅನುಮಾನ’ ಎನ್ನಬೇಕು. ಇಪ್ಪತ್ತು ನಿಘಂಟಯ್ಯನವರ ಪದಗಳ ನೋಟ್‌ಬುಕ್ಕಿನಲ್ಲಿ ಇರುವಂಥವು, ಇಪ್ಪತ್ತು ಇಲ್ಲದವು. ಅಲ್ಲಿಯವರೆಗೆ ನೋಟ್‌ಬುಕ್ ಯಾರೂ ತೆರೆಯಬಾರದು, ಪರೀಕ್ಷೆಯ ದಿನ ತಮ್ಮ ಕೈಗೆ ತಂದುಕೊಡಬೇಕು; ಅದನ್ನು ನೋಡಿಯೇ ತಾವು ವಸ್ತುಗಳನ್ನು ಆರಿಸುವುದು ಎಂದರು.

ನಿಘಂಟಯ್ಯ ಹೌದಪ್ಪನ ಎದುರೇ ನೋಟ್‌ಬುಕ್ಕನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. “ನಿಂಗ್ಯಾಕಯ್ಯ ನೋಟ್‌ಬುಕ್ಕು? ನೀನು ಹಿಡಿಮಾತಲ್ಲೇ ಕನಸು ಕಾಣೋನು.”

“ಹೌದು ಸಾರ್” ಎಂದ ಹೌದಪ್ಪ. ಆ ವಾರವೆಲ್ಲ ಅವನ ಮೀಸೆ ಸ್ವಲ್ಪ ಕೆಳಗಿಳಿದಂತಿತ್ತು. ಇವರು ಅದನ್ನು ವಿನಯ ಎಂದುಕೊಂಡರು.

ಮನೆಯಲ್ಲಿ ಸಡಗರ. ಕೂದಲಿಗೆ ಬಣ್ಣ ಬಿತ್ತು, ಹೊಸ ಅಂಗಿ ಬಂತು. ಪತ್ರಿಕೆಯವರು ಫೋಟೋ ಕೇಳಿದರೆ ಇರಲಿ ಎಂದು ಕನ್ನಡಿಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಅಭ್ಯಾಸ ನಡೆಯಿತು. ಹಿಂದಿನಿಂದ ಹೆಂಡತಿ, “ಗಲ್ಲ ಹಿಡ್ಕೊಳ್ಳೋದು ಯಾವ ಗುಂಪು? ಹಲ್ಲುನೋವಿಂದಾ?” ಎಂದು ಕೇಳಿದಳು.

ಶನಿವಾರ ಬೆಳಗ್ಗೆ ನಿಘಂಟಯ್ಯ ಒಂದು ಕೋಣೆಯಲ್ಲಿ ಕೂತು ಹಂಚಿದರು. ಕಷ್ಟವಾಯಿತು. ಚಮಚ ಚಿಟಿಕೆಯೋ ಮುಷ್ಟಿಯೋ ಎಂದು ತಮ್ಮ ಭಾಷೆಯಲ್ಲೇ ತಾವು ತಡವರಿಸಿ, ಹತ್ತು ಹನ್ನೆರಡು ಕಡೆ ‘ಅನುಮಾನ’ ಎಂದರು. ಆಮೇಲೆ ಅಧ್ಯಾಪಕಿ ಹೌದಪ್ಪನ ಕೋಣೆಗೆ ಹೋದರು. ಇವರು ಹೊರಗೆ ಬೆಂಚಿನ ಮೇಲೆ ಕೂತು ಕಾಲು ಕುಣಿಸಿದರು. ಎಲ್ಲ ಮುಗಿದ ಮೇಲೆ ಅಧ್ಯಾಪಕಿ ಇವರೊಬ್ಬರನ್ನೇ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಇವರ ನೋಟ್‌ಬುಕ್ ತೆರೆದಿತ್ತು.

“ನೋಟ್‌ಬುಕ್ಕಲ್ಲಿರೋ ಇಪ್ಪತ್ತಕ್ಕೆ ಇಪ್ಪತ್ತೂ ಅವರು ನೋಟ್‌ಬುಕ್ಕಿನ ಹಾಗೇ ಹಾಕಿದ್ದಾರೆ. ಎಲ್ಲಾ ‘ಖಂಡಿತ’.”

“ನಾನು ಹೇಳಿದ್ನಲ್ಲ ಮೇಡಂ!” ನಿಘಂಟಯ್ಯ ಕುರ್ಚಿಯಲ್ಲೇ ಒಂದು ಅಂಗುಲ ಎತ್ತರವಾದರು. “ನನಗಿಂತ ಜಾಣ ಅವನು.”

“ನೀವು ಮಾಡಿದ ಭಾಷೇಲಿ ನಿಮಗೇ ಅಷ್ಟು ಅನುಮಾನ ಬಂದಿದೆ. ಬರ್ಬೇಕಾದ್ದೇ. ಭಾಷೆ ಒಳಗಿಳಿದವರಿಗೆ ಅಂಚಲ್ಲಿ ಕಾಲು ಜಾರುತ್ತೆ. ಇವರಿಗೆ ಒಂದು ಕಡೆನೂ ಜಾರಿಲ್ಲ.” ಅವರು ನೋಟ್‌ಬುಕ್ಕಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಬಾಚಣಿಗೆಯನ್ನ ಎಲ್ಲಿ ಹಾಕಿದ್ದಾರೆ ಗೊತ್ತಾ? ಬೊಗಸೇಲಿ. ಖಂಡಿತ ಅಂತ.”

ನಿಘಂಟಯ್ಯ ಬಗ್ಗಿ ನೋಡಿದರು. ಟೀ ಲೋಟದ ಉಂಗುರ ಬಿದ್ದ ಪುಟ. ಎಂದೋ ತೂಕಡಿಕೆಯಲ್ಲಿ ಬರೆಯುವಾಗ ಒಂದು ಸಾಲು ಜಾರಿ, ಬಾಚಣಿಗೆ ಚಿಟಿಕೆ ಬಿಟ್ಟು ಬೊಗಸೆಯ ಕಾಲಮಿನಲ್ಲಿ ಕೂತುಬಿಟ್ಟಿತ್ತು. ಎರಡೂ ಕೈ ಜೋಡಿಸಿ, ತೀರ್ಥ ತೆಗೆದುಕೊಳ್ಳುವಂತೆ ಬಾಚಣಿಗೆ ಹಿಡಿಯುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಈ ಅಪದ್ಧ ಈ ಪುಟ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

“ಉಳಿದ ಇಪ್ಪತ್ತು?” ಎಂದರು.

“ಅವು ಇನ್ನೂ ಆಶ್ಚರ್ಯ. ನಾನು ಹೇಗೆ ಹಿಡಿದು ಕೊಟ್ನೋ ಹಾಗೇ ಹಾಕ್ತಿದ್ರು. ನಾಲ್ಕೈದು ಆದ್ಮೇಲೆ ನಂಗೆ ಹೊಳೀತು. ಬೇಕಂತಲೇ ಸೂಜಿಯನ್ನ ಅಂಗೈ ಮೇಲಿಟ್ಟು ಕೊಟ್ಟೆ. ಅಂಗೈ ತಟ್ಟೆಗೆ ಹಾಕಿದ್ರು. ಕೈ ಓದೋದ್ರಲ್ಲಿ ಅವರನ್ನ ಮೀರಿಸೋರಿಲ್ಲ ಸಾರ್. ಆದ್ರೆ ಭಾಷೆ…” ಅಧ್ಯಾಪಕಿ ವಾಕ್ಯ ಮುಗಿಸದೆ ನೀರಿನ ಲೋಟ ಮುಂದೆ ಸರಿಸಿದರು.

ನಿಘಂಟಯ್ಯ ತಮ್ಮ ಕೈ ನೋಡಿಕೊಂಡರು. ಲೋಟಕ್ಕಿಂತ ಮೊದಲೇ ಅದು ಲೋಟದ ಆಕಾರಕ್ಕೆ ಬಾಗಿತ್ತು. ಹಿಡಿಮಾತು ಆಡುವಾಗ ತಮ್ಮ ಕೈ ತಾನಾಗಿ ಕೊಕ್ಕೆಯೋ ಚಿಟಿಕೆಯೋ ಆಗಿಬಿಡುತ್ತದೆಂಬುದು ಲೋಕದ ಕೈಗಳನ್ನೆಲ್ಲ ಗಮನಿಸಿದ ಅವರಿಗೆ ಗೊತ್ತೇ ಇರಲಿಲ್ಲ.

ಕಾಲೇಜಿನ ಮೆಟ್ಟಿಲ ಮೇಲೆ ಹೌದಪ್ಪ ಟೋಪಿ ಹಿಂಡುತ್ತಾ ನಿಂತಿದ್ದ.

“ಡ್ರಾಯರು ಹೆಂಗಯ್ಯ ತೆಗ್ದೆ?”

“ನಮ್ಮಲ್ಲಿ ಕಳೆದುಹೋದ ಕೀ ಎರಡು ಡಬ್ಬ ಇದೆಯಲ್ಲ ಸಾರ್… ನಲವತ್ತೋ ಐವತ್ತನೇದೋ ಹತ್ತಿಕೊಳ್ತು.” ಆ ಸಂಕಟದಲ್ಲೂ ಅವನ ದನಿಯಲ್ಲಿ ಒಂದೆಳೆ ಹೆಮ್ಮೆ ಇತ್ತು. “ಪೂರ್ತಿ ಬಾಯಿಪಾಠ ಮಾಡ್ದೆ. ನಿಮ್ಮ ಮಾನ ಉಳೀಲಿ ಅಂತ.”

“ಹನ್ನೊಂದು ವರ್ಷ?”

“ಮೊದಲ್ನೇ ವಾರನೇ ಹೇಳ್ಬಿಡೋಣ ಅಂದ್ಕೊಂಡೆ. ನೀವು ಖುಷಿಯಾಗಿದ್ರಿ. ಆಮೇಲೆ… ನನ್ನ ಬೆನ್ನು ನೋಡಿ ಸಾರ್. ನಾವು ಮಾತಾಡ್ತಾ ಇದ್ರೆ ಪೆಟ್ಟಿಗೆ ನೀವೇ ಎತ್ತಿಡ್ತಿದ್ರಿ.” ಅವನು ನೆಲ ನೋಡಿದ. “ಇನ್ನೊಂದು ಹೇಳ್ಬಿಡ್ತೀನಿ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ವಾಸಿ. ಕ್ಯಾಂಟೀನಲ್ಲಿ… ನೀವು ಮಾತಾಡೋ ಹಾಗೆ ಮಾಡಿ ತೋರಿಸ್ತಿದ್ದೆ. ಹುಡುಗರು ಕೇಳ್ತಿದ್ರು, ಮಾಡ್ತಿದ್ದೆ. ಎಲ್ರಿಗೂ ಗೊತ್ತು ಸಾರ್. ನಿಮಗೊಬ್ರಿಗೇ…”

ನಿಘಂಟಯ್ಯನವರಿಗೆ ಕ್ಯಾಂಟೀನು ಕೇಳಿಸಲಿಲ್ಲ. ಅವರ ಮನಸ್ಸು ಬೇರೊಂದು ಮಧ್ಯಾಹ್ನದಲ್ಲಿ ಸಿಕ್ಕಿಕೊಂಡಿತ್ತು.

“ಹಾಗಾದ್ರೆ, ಅವತ್ತು ನಮ್ಮಣ್ಣನ ವಿಷಯ ಹೇಳಿದ್ನಲ್ಲ?”

ಹೌದಪ್ಪ ತಲೆ ಎತ್ತಿದ. ಮುಖದಲ್ಲಿ ಕಪಟ ಒಂದಿಷ್ಟೂ ಇರಲಿಲ್ಲ, ಅದೇ ಕಷ್ಟ. “ಯಾವಣ್ಣ ಸಾರ್?”

“ನೀನೂ ಬೆರಳು ಕೊಕ್ಕೆ ಮಾಡಿ ಹಿಡಿದೆ. ನನ್ನ ಕಣ್ಣಲ್ಲಿ ನೀರು ಬಂತು.”

“ಓ, ಅದಾ!” ನೆನಪಾದ ಸಮಾಧಾನದಲ್ಲಿ ಹೌದಪ್ಪನ ಮುಖ ಅರಳಿತು. “ಅವತ್ತು ಹಿಡಿ ಕಿತ್ತೋದ ಸೂಟ್‌ಕೇಸ್ ಒಂದು ಬಂದಿತ್ತಲ್ಲ. ಅದನ್ನ ಎತ್ತೋಕೆ ಹೋಗಿ ಬೆರಳಿಗೆ ಪೆಟ್ಟು ಮಾಡ್ಕೊಂಡ್ರೇನೋ ಅಂತ ಅಂದ್ಕೊಂಡಿದ್ದೆ.”

ನಿಘಂಟಯ್ಯ ಒಂದೊಂದೇ ಮೆಟ್ಟಿಲು ಇಳಿದು ಹೋದರು. ಹೌದಪ್ಪ ಎರಡು ಮೆಟ್ಟಿಲು ಹಿಂದೆಯೇ ಬಂದು ಅಲ್ಲೇ ನಿಂತ.

ಮನೆಯಲ್ಲಿ ಹೆಂಡತಿ ಹೊಸ ಅಂಗಿಯ ಕೊರಳು ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಊಹಿಸಿದಳು. ಇವರು ನಡೆದದ್ದನ್ನು ಹೇಳಿದರು, ಅಣ್ಣನ ಮಾತೊಂದನ್ನು ಬಿಟ್ಟು. ಆಕೆ ಆಶ್ಚರ್ಯಪಡಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಡುವಾಗ, ಆಕೆ ಆಶ್ಚರ್ಯಪಡಲಿಲ್ಲ ಎಂಬುದು ಇವರಿಗೆ ತಟ್ಟಿತು.

“ನಿಂಗೂ ಗೊತ್ತಿತ್ತಾ?”

“ಒಂದ್ಸಲ ಮನೆಗೆ ಬಂದಿದ್ದನಲ್ಲ, ನೀವು ಸ್ನಾನಕ್ಕೆ ಹೋಗಿದ್ರಿ. ‘ನೀರಿಗೆ ನಿಮ್ಮ ಭಾಷೇಲಿ ಏನಪ್ಪಾ’ ಅಂತ ಕೇಳ್ದೆ. ಬೆವರಿಬಿಟ್ಟ ಪಾಪ. ‘ಅಮ್ಮಾ, ಸಾರ್‌ಗೆ ಹೇಳ್ಬೇಡಿ’ ಅಂದ.”

“ನೀನು ಹೇಳಲಿಲ್ಲ.”

“ಹೇಳಿ ಏನಾಗ್ಬೇಕಿತ್ತು? ಅವನು ಕೈಬಿಟ್ರೆ ನೀವು ಬಂದು ನನ್ನ ಮುಂದೆ ಕೂರ್ತಿದ್ರಿ. ನಂಗೂ ಉತ್ತರಪತ್ರಿಕೆ ಇರುತ್ತಲ್ರೀ.” ಅಂದ ಮೇಲೆ ಆಕೆಗೇ ಮಾತು ಒರಟಾಯಿತೆನಿಸಿರಬೇಕು. “ಅಷ್ಟು ದೊಡ್ಡ ವಿಷಯ ಏನಿತ್ತು ಅದ್ರಲ್ಲಿ? ಹೋಗ್ಲಿ, ಅವನ ಹತ್ರ ಅಂಥದ್ದೇನು ಹೇಳಿದ್ರಿ ನೀವು?”

“ಏನಿಲ್ಲ” ಎಂದರು ನಿಘಂಟಯ್ಯ. “ಕೊಡೆ, ಚೀಲ.”

ಲೇಖನ ಬಂತು. ಹಿಡಿಮಾತಿಗೆ ಅರ್ಧ ಪುಟ, ಮರ್ಯಾದೆಯಿಂದಲೇ ಬರೆದಿತ್ತು; ಅಡಿಯಲ್ಲಿ ‘ಆಡುವವರು: ಒಬ್ಬರು’ ಎಂದಿತ್ತು. ಹೌದಪ್ಪನ ಕೈ ಓದುವ ಕಲೆಗೆ ಎರಡು ಪುಟ.

ಪರೀಕ್ಷೆಯ ನಂತರದ ಸೋಮವಾರದಿಂದಲೇ ಕಪಾಟುಗಳ ಜೋಡಣೆ ಬದಲಾಗಿತ್ತು. ಕೊಡೆಗಳೆಲ್ಲ ಒಂದು ಕಡೆ, ಚೀಲಗಳೆಲ್ಲ ಒಂದು ಕಡೆ. ಅಧಿಕಾರಿ ಬಂದು ಬೆನ್ನು ತಟ್ಟಿ ಹೋದರು. ಕಿಟಕಿಯಲ್ಲಿ ನಿಘಂಟಯ್ಯ ಎರಡೂ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು, “ಎರಡನೇ ಸಾಲು, ಮೇಲಿಂದ ಮೂರನೇದು” ಎಂದು ನೆಟ್ಟಗೆ ಹೇಳುತ್ತಿದ್ದರು. ಪೆಟ್ಟಿಗೆಗಳನ್ನು ಈಗ ಹೌದಪ್ಪನೇ ಎತ್ತುತ್ತಿದ್ದ. ನರಳುತ್ತಿದ್ದ, ಬೆನ್ನು ಒತ್ತಿಕೊಂಡು ಮತ್ತೊಂದಕ್ಕೆ ಬಗ್ಗುತ್ತಿದ್ದ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಕಿಟಕಿ ಖಾಲಿಯಿದ್ದ ಹೊತ್ತಿನಲ್ಲಿ, ಹೌದಪ್ಪ ಸ್ಟೂಲು ಎಳೆದುಕೊಂಡು ಬಂದು ಹಳೆಯ ಜಾಗದಲ್ಲೇ ಕೂತ.

“ಸಾರ್, ನಾನು ಮಾಡಿದ್ದು ದೊಡ್ಡ ತಪ್ಪು. ಅದು ನನ್ನ ತಲೆ ಮೇಲಿರಲಿ. ಆದ್ರೆ ಅಣ್ಣಾವ್ರ ವಿಷಯ ಅಂದ್ರಲ್ಲ… ಈಗ ಹೇಳಿ. ನಮ್ಮ ಮಾತಲ್ಲೇ ಹೇಳಿ. ಒಂದಕ್ಷರ ಬಿಡದೆ ಕೇಳ್ತೀನಿ. ಕ್ಯಾಂಟೀನಿಗೆ ಹೋಗಲ್ಲ, ನನ್ನ ಮಕ್ಕಳಾಣೆ.”

ಅವನ ಮುಖ ನೋಡಿದರೆ ಮಾತು ನಿಜವೆಂದೇ ಅನ್ನಿಸುತ್ತಿತ್ತು. ನಿಘಂಟಯ್ಯ ಬಾಯಿ ತೆರೆದರು. ಅಣ್ಣ ಮೂರು ಸಲ ಹೇಳಿಕಳಿಸಿದ ಎಂಬಲ್ಲಿಂದ ಶುರುಮಾಡಬೇಕು. ಎಲ್ಲ ಪದಗಳೂ ತಾಯ್ನುಡಿಯಲ್ಲಿ ಸಿದ್ಧವಾಗಿದ್ದವು, ಚಿಕ್ಕ ಮಗುವಿಗೂ ತಿಳಿಯುವಂಥವು. ಹೌದಪ್ಪ ಎಂದೂ ಇಲ್ಲದಂತೆ ಅವರ ಕೈ ನೋಡದೆ ಕಣ್ಣನ್ನೇ ನೋಡುತ್ತಿದ್ದ.

ನಿಘಂಟಯ್ಯ ಬಾಯಿ ಮುಚ್ಚಿದರು.

“ಅದನ್ನ ಒಂದ್ಸಲ ಹೇಳಿ ಆಗಿದೆ ಕಣಯ್ಯಾ” ಎಂದರು. ಕಿಟಕಿಯ ಆಚೆ ಯಾರೋ ಬಂದು ನಿಂತಿದ್ದರು, ಅವರತ್ತ ತಿರುಗಿದರು. “ಹೇಳಿ, ಏನು ಕಳ್ಕೊಂಡಿದ್ದೀರಿ?”